ಬಂದೆ ಎಂಬ ಮಾತು

“ಗುರುಗಳೇ, ಇನ್ನೊಬ್ಬರ ಸಮಾಧಾನಕ್ಕಾಗಿ ಸುಳ್ಳು ಹೇಳಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: “ನಮ್ಮ ಭಾಷೆಯಲ್ಲಿ ಒಂದು ಮಾತಿದೆ. ಇನ್ನೂ ಚಪ್ಪಲಿ ಮೆಟ್ಟದವನೂ ಅದನ್ನು ಹೇಳುತ್ತಾನೆ. ತೊಟ್ಟಿಲಲ್ಲಿ ಮಗು ಅತ್ತರೆ ಒಲೆಯ ಮುಂದೆ ಕೂತ ತಾಯಿ ಏಳದೆಯೇ ಅದನ್ನು ಹೇಳುತ್ತಾಳೆ. ‘ಬಂದೆ’ ಎನ್ನುತ್ತಾಳೆ. ಬಂದಿರುವುದಿಲ್ಲ. ಮಗು ನಂಬಿ ಸುಮ್ಮನಾಗುತ್ತದೆ. ದೊಡ್ಡದಾದ ಮೇಲೂ ನಂಬುತ್ತದೆ. ಕೇಳು.”

ಒಬ್ಬ ಆಂಬುಲೆನ್ಸ್ ಚಾಲಕನಿದ್ದ. ಒಳ್ಳೆಯವನು. ಗಾಡಿಯಲ್ಲಿ ಅವನ ಜೊತೆ ಒಬ್ಬ ನರ್ಸ್ ಇದ್ದಳು. ನಲವತ್ತು ಹಳ್ಳಿಗೆ ಅದೊಂದೇ ಗಾಡಿ. ಯಾರು ಕರೆ ಮಾಡಿದರೂ ಅದು ಮೊದಲು ದೂರದ ಪಟ್ಟಣದ ಒಂದು ಕಚೇರಿಗೆ ಹೋಗುತ್ತಿತ್ತು. ಅಲ್ಲಿಯವರು ಊರು, ಗುರುತು, ಕಾಯಿಲೆ ಕೇಳಿ ಬರೆದುಕೊಂಡು ಚಾಲಕನಿಗೆ ತಿಳಿಸುತ್ತಿದ್ದರು. ಆಮೇಲೆ ಚಾಲಕನೂ ಮನೆಯವರೂ ನೇರವಾಗಿ ಮಾತಾಡಬೇಕು. ಮನೆಯವರು ಕೇಳುವುದು ಒಂದೇ, ‘ಎಲ್ಲಿದ್ದೀರಿ?’ ಅವನು ಹೇಳುವುದೂ ಒಂದೇ, ‘ಬಂದೆ.’

ಮೊದಮೊದಲು ಅವನು ನಿಜ ಹೇಳುತ್ತಿದ್ದ. ಒಂದು ಮನೆಯವರಿಗೆ, ಇನ್ನೂ ಒಂದು ಗಂಟೆಯಾಗುತ್ತದೆ ಎಂದ. ಅವರು ಫೋನಿನಲ್ಲೇ ಅವನ ಹೆತ್ತವಳನ್ನು ಬೈದರು. ಗಾಡಿ ಹೋದಾಗ ರೋಗಿಯನ್ನು ಒಳಗೆ ಮಲಗಿಸಿ, ಹೊರಗಿನಿಂದ ಗಾಜು ಒಡೆದರು. ಚೂರುಗಳು ಅವರದೇ ರೋಗಿಯ ಮೇಲೆ ಬಿದ್ದವು. ಅಂದಿನಿಂದ ಅವನು ಬಂದೆ ಎನ್ನತೊಡಗಿದ. ಬೈಗುಳ ನಿಂತಿತು. ಆ ಮಾತು ಕಿವಿಗೆ ಬಿದ್ದ ಕೂಡಲೇ ಆಚೆಯವರ ಉಸಿರು ಹಗುರವಾಗುವುದೂ ಅವನಿಗೆ ಕೇಳಿಸುತ್ತಿತ್ತು. ಅದು ಅವನಿಗೆ ಹಿಡಿಸಿತು.

ಒಂದು ಮಧ್ಯಾಹ್ನ ಅವನು ಅಪಘಾತದಲ್ಲಿ ಸೊಂಟ ಮುರಿದುಕೊಂಡವನೊಬ್ಬನನ್ನು ಆಸ್ಪತ್ರೆಗೆ ತಂದ. ಅಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಗಾಯಾಳುವನ್ನು ಗಾಡಿಯ ಸ್ಟ್ರೆಚರ್ ಮೇಲೆಯೇ ಬಿಟ್ಟು, ನಡೆದಾಡುವ ಜಾಗದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದರು. ಹಾಸಿಗೆ ಸಿಗುವವರೆಗೆ ಸ್ಟ್ರೆಚರ್ ಅವನ ಕೆಳಗೇ ಇರಬೇಕು. ಸ್ಟ್ರೆಚರ್ ಇಲ್ಲದೆ ಗಾಡಿ ಹೊರಡುವಂತಿಲ್ಲ. ಒಳಗೆ ಮಲಗಿರುವ ಯಾರಾದರೊಬ್ಬರು ವಾಸಿಯಾಗಿ ಏಳಬೇಕು, ಇಲ್ಲವೇ ಸಾಯಬೇಕು. ಅಲ್ಲಿಯವರೆಗೆ ನಲವತ್ತು ಹಳ್ಳಿಯ ಗಾಡಿ ಬಾಗಿಲಲ್ಲಿ ನಿಂತಿರಬೇಕು.

ಆಗ ಒಬ್ಬ ದರ್ಜಿಯ ಕರೆ ಬಂತು. ಅವನ ಹೆಂಡತಿ ಹೆತ್ತು ಹತ್ತು ದಿನವಾಗಿತ್ತು. ಬೆಳಗಿನಿಂದ ಸ್ವಲ್ಪ ಸ್ವಲ್ಪ ಹೋಗುತ್ತಿದ್ದ ರಕ್ತ ಈಗ ನಿಲ್ಲದಾಗಿತ್ತು. ಅಂಗಡಿಯಲ್ಲಿ ಹೊಲಿಯಲು ಬಂದಿದ್ದ ಬಟ್ಟೆಯನ್ನೆಲ್ಲ ತಂದು ಅವನು ಅವಳ ಕೆಳಗೆ ಹಾಸಿದ್ದ.

‘ಎಲ್ಲಿದ್ದೀರಿ ಸಾರ್?’

‘ಬಂದೆ ಕಣಪ್ಪ.’

ಪಕ್ಕದಲ್ಲಿದ್ದ ನರ್ಸ್ ಚಾಲಕನ ಮುಖ ನೋಡಿದಳು. ‘ಏನಣ್ಣ, ಟೈರು ಒಂದು ಸುತ್ತು ತಿರುಗಿಲ್ಲ, ಬಂದೆ ಅಂತೀಯಲ್ಲ?’

‘ನಾವು ಹೋಗೋತನಕ ಅವನಿಗೆ ಧೈರ್ಯ ಬೇಡವೇನಮ್ಮ?’

ಅತ್ತ ದರ್ಜಿಯ ಮನೆಯ ಮುಂದೆ ಒಂದು ಟೆಂಪೊ ನಿಂತಿತು. ಸಂತೆಯಲ್ಲಿ ಹೂಕೋಸು ಇಳಿಸಿ ಖಾಲಿ ಬರುತ್ತಿದ್ದವನು ಅಳು ಕೇಳಿ ನಿಲ್ಲಿಸಿದ್ದ. ‘ಹಾಸಿಗೆ ಸಮೇತ ಎತ್ತಿ. ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸ್ತೀನಿ’ ಎಂದ.

ದರ್ಜಿಯ ತಾಯಿ ಬಾಗಿಲಿಗೆ ಅಡ್ಡ ನಿಂತಳು. ‘ಹಸಿ ಬಾಣಂತಿಗೆ ಗಾಳಿ ಹೊಡೆಸ್ತೀಯೇನೋ? ನನ್ನ ಸೊಸೆ ಏನು ಹೂಕೋಸಾ?’

‘ಹೂಕೋಸಾಗಿದ್ದರೆ ಇಷ್ಟು ಹೊತ್ತಿಗೆ ಸಂತೆ ಸೇರಿರೋದು ಕಣಜ್ಜಿ’ ಎಂದ ಟೆಂಪೊದವನು.

ದರ್ಜಿ ಮತ್ತೆ ಫೋನ್ ಮಾಡಿದ. ‘ಬಂದೆ, ಇಲ್ಲೇ ಇದ್ದೀನಿ’ ಎಂದ ಚಾಲಕ. ಸ್ಟ್ರೆಚರ್ ಇನ್ನೂ ಗೋಡೆಯ ಪಕ್ಕದಲ್ಲೇ ಇತ್ತು.

ದರ್ಜಿ ಬೀದಿಯ ತಿರುವನ್ನು ನೋಡಿದ. ಆಂಬುಲೆನ್ಸಿನಲ್ಲಿ ನರ್ಸ್ ಇದ್ದಾಳೆ, ಔಷಧಿ ಇದೆ. ಬಂದೇಬಿಟ್ಟಿದೆ. ಬಂದೇಬಿಟ್ಟದ್ದನ್ನು ಬಿಟ್ಟು ತರಕಾರಿ ಗಾಡಿಯಲ್ಲಿ ಹೋಗುವುದು ಹೇಗೆ? ಅವನು ಟೆಂಪೊದವನಿಗೆ ಕೈ ಮುಗಿದ. ‘ನೀವು ಹೊರಡಿ ಅಣ್ಣ. ಗಾಡಿ ಬಂತಂತೆ.’

ಟೆಂಪೊದವನು ಇಂಜಿನ್ ಆರಿಸದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಬೀದಿ ಕಿರಿದು. ಬರುವ ಆಂಬುಲೆನ್ಸಿಗೆ ದಾರಿ ಬಿಡಬೇಡವೇ ಎಂದು ಊರವರು ಅವನನ್ನು ಗದರಿ ಕಳಿಸಿದರು. ಹಸುಗಳನ್ನು ಬಿಚ್ಚಿ ಆಚೆ ಕಟ್ಟಿದರು. ಜಗಲಿಯ ಮುಂದಿದ್ದ ಸೈಕಲ್ಲುಗಳನ್ನು ಎತ್ತಿ ಒಳಗಿಟ್ಟರು.

ಆ ದಾರಿ ಒಂದು ಗಂಟೆ ಹತ್ತು ನಿಮಿಷ ಖಾಲಿಯಾಗಿತ್ತು.

ಗಾಡಿ ಬಂದಾಗ ನರ್ಸ್ ಒಳಗೆ ಓಡಿ ಬಾಣಂತಿಯ ಕೈ ಹಿಡಿದಳು. ಹಿಡಿದು, ಕೆಳಗಿಟ್ಟಳು. ಮಗು ಅಜ್ಜಿಯ ತೊಡೆಯ ಮೇಲೆ ಬಾಯಿ ಚಪ್ಪರಿಸುತ್ತಿತ್ತು. ಊರವರು ಚಾಲಕನ ಮೇಲೆ ಏರಿ ಹೋದರು. ತಡೆದವನು ದರ್ಜಿಯೇ.

‘ಅವರನ್ನು ಏನೂ ಅನ್ನಬೇಡಿ. ಮಾಡಿದಾಗಲೆಲ್ಲ ಫೋನ್ ಎತ್ತಿದರು. ಬಂದೆ ಅಂದರು, ಬಂದರು. ಇವಳೇ ಕಾಯಲಿಲ್ಲ.’

ಚಾಲಕನಿಗೆ ಅಂದು ಬೈಗುಳ ಬೇಕಾಗಿತ್ತು. ಸಿಗಲಿಲ್ಲ.

ಇಷ್ಟು ಕೇಳಿದ ಶಿಷ್ಯ ಎದ್ದು ನಿಂತ. “ನನಗೆ ಉತ್ತರ ಸಿಕ್ಕಿತು ಗುರುಗಳೇ. ಹೇಳಬಾರದು.”

“ಕೂತುಕೋ,” ಎಂದರು ಗುರುಗಳು. “ಸಾವಿನ ಮನೆಯಿಂದ ಒಂದು ಉತ್ತರ ಎತ್ತಿಕೊಂಡು ಓಡುವವರು ಬಹಳ ಮಂದಿ. ಆ ಚಾಲಕನೂ ಹಾಗೆಯೇ ಎತ್ತಿಕೊಂಡು ಹೋದ.”

ಹಿಂದಿರುಗುವ ದಾರಿಯಲ್ಲಿ ಅವನು ಗಾಡಿ ನಿಲ್ಲಿಸಿ, ನರ್ಸಿನ ಎದುರಿಗೆ ಆಣೆ ಮಾಡಿದ. ಆ ಮಾತನ್ನು ಇನ್ನು ಬಾಯಿಗೆ ತರುವುದಿಲ್ಲ ಎಂದ. ತರಲೂ ಇಲ್ಲ. ಎಷ್ಟು ದೂರವೋ ಅಷ್ಟನ್ನೇ ಹೇಳಿದ. ಬೇರೆ ಗಾಡಿ ಸಿಕ್ಕರೆ ಕಾಯಬೇಡಿ ಎಂದ. ಬೈಸಿಕೊಂಡ. ಕೆಲವರು ಅವನ ಮಾತು ಕೇಳಿ ಜೀಪು ಹತ್ತಿದರು. ಒಬ್ಬನನ್ನು ಮನೆಯವರು ಬೈಕಿನ ಮೇಲೆ ನಡುವೆ ಕೂರಿಸಿ, ಪಂಚೆಯಿಂದ ಕಟ್ಟಿಕೊಂಡು ಹೋದರು. ಅವನು ಉಳಿದ. ಚಾಲಕನಿಗೆ ಮತ್ತೆ ಊಟ ರುಚಿಸತೊಡಗಿತು. ತಾನು ಸತ್ಯವಂತನಾದೆ ಎಂದುಕೊಂಡ.

ಎರಡು ತಿಂಗಳಾದ ಮೇಲೆ ಒಂದು ದಿನ ಗಾಡಿ ಮತ್ತೆ ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಸ್ಟ್ರೆಚರ್ ಒಳಗಿತ್ತು. ಬೆಟ್ಟದ ಮೇಲಿನ ಒಂದು ಹಳ್ಳಿಯಿಂದ ಮುದುಕಿಯೊಬ್ಬಳ ಕರೆ ಬಂತು. ಅವಳ ಗಂಡನಿಗೆ ಉಸಿರು ಕಟ್ಟುತ್ತಿತ್ತು.

‘ಎಲ್ಲಿದ್ದೀಯಪ್ಪ?’

‘ಇನ್ನೂ ಹೊರಟಿಲ್ಲಮ್ಮ. ಎರಡು ಗಂಟೆಯಾಗುತ್ತೆ. ಬೇರೆ ಗಾಡಿ ಇದ್ದರೆ ಹತ್ತಿಸಿ, ಕಾಯಬೇಡಿ.’

‘ಊರಿನ ಗಾಡಿಯೆಲ್ಲ ಮದುವೆಗೆ ಹೋಗಿವೆ. ಊರೂ ಹೋಗಿದೆ. ಇಲ್ಲಿ ನಾನು, ಇವರು, ಇಬ್ಬರೇ.’

ಮುದುಕಿ ದನಿ ತಗ್ಗಿಸಿದಳು.

‘ಎರಡು ಗಂಟೆ ಇವರು ಇರಲ್ಲ. ಅದು ನನಗೆ ಗೊತ್ತು. ಇವರಿಗೆ ಗೊತ್ತಾಗೋದು ಬೇಡ. ಬಾಗಿಲನ್ನೇ ನೋಡ್ತಾ ಮಲಗಿದಾರೆ. ಹೆದರಿದಾರೆ ಕಣಪ್ಪ. ಐವತ್ತು ವರ್ಷದಲ್ಲಿ ಇವರು ಹೆದರಿದ್ದು ನಾನು ನೋಡಿಲ್ಲ. ನಾನು ಹೇಳಿದರೆ ನಂಬ್ತಿಲ್ಲ. ಫೋನ್ ಇವರ ಕಿವಿಗಿಡ್ತೀನಿ. ಬಂದೆ ಅಂತ ಒಂದು ಮಾತು ಹೇಳು.’

ಫೋನ್ ಕೈಯಿಂದ ಸರಿದ ಸದ್ದಾಯಿತು. ಆಮೇಲೆ ಮುದುಕನ ಉಸಿರು ಕೇಳಿಸಿತು. ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಚಾಲಕನ ಬಾಯಲ್ಲಿ ಆಣೆ ಇತ್ತು. ಕಣ್ಣ ಮುಂದೆ ದರ್ಜಿಯ ಖಾಲಿ ಬೀದಿ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ? ಅವನು ಏನು ಹೇಳಿದ ಗುರುಗಳೇ?”

“ಉತ್ತರ ಸಿಕ್ಕಿತು ಎಂದವನು ನೀನು, ಮುದುಕ ಕಿವಿಗೊಟ್ಟು ಮಲಗಿದ್ದಾನೆ, ಹೇಳು.”