ಏಳು ಬಾಯಿ ದಾಟಿದ ಬಿಸಿನೀರು

"ನನ್ನ ಮಾತು ಏಳು ಅಧಿಕಾರಿಗಳ ಬಾಯಿ ದಾಟದೆ ಯಾವ ಆಳಿನ ಕಿವಿಗೂ ಬೀಳಕೂಡದು. ಅರಮನೆ ಅಂದರೆ ಹಾಗಿರಬೇಕು!" ಅಂತ ಮೀಸೆ ತಿರುವಿ, ದೊರೆ ಉದ್ದಂಡರಾಯ ಎಣ್ಣೆಸ್ನಾನಕ್ಕೆ ಕೂತ. ಅಲ್ಲೇ ಆಯ್ತು ನೋಡಿ ಎಡವಟ್ಟು.

ಬಚ್ಚಲಿನ ಗೋಡೆಯಾಚೆ ನೀರೊಲೆಯ ಬೋರಯ್ಯ ಬಿಸಿನೀರು, ತಣ್ಣೀರು ಬೆರೆಸಿ ಕೊಳವೆಗೆ ಸುರಿಯುತ್ತಿದ್ದ. ದೊರೆಯ ದನಿ ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಏಳನೆಯ ಅಧಿಕಾರಿ ಬಂದು ಹೇಳುವ ತನಕ ಕೇಳಿಸದವನಂತೆ ನಿಂತಿರಬೇಕು. ಪದ್ಧತಿ!

"ತಣ್ಣಗಿದೆ, ಬಿಸಿ ಬಿಡು!" ಅಂದ ದೊರೆ. ಒಬ್ಬ ಅಧಿಕಾರಿ ಮೂರು ಸಲ ಬಗ್ಗಿ ಇನ್ನೊಬ್ಬನಿಗೆ ಹೇಳಿದ, ಅವನು ಬಗ್ಗಿ ಮತ್ತೊಬ್ಬನಿಗೆ. ಅಷ್ಟರಲ್ಲಿ ದೊರೆ ಗಡಗಡ ನಡುಗುತ್ತಾ ಇನ್ನೂ ನಾಲ್ಕು ಸಲ "ಬಿಸಿ!" ಅಂದಿದ್ದ. ಐದೂ ಅಪ್ಪಣೆ ಒಂದರ ಹಿಂದೊಂದು ಬಂದು ತಲುಪಿದವು. ಬೋರಯ್ಯ ಐದು ಕೊಡ ಕುದಿನೀರು ಸುರಿದ.

"ಅಯ್ಯಯ್ಯೋ, ಸತ್ತೆ! ತಣ್ಣೀರು! ತಣ್ಣೀರು!"

ಅದು ಏಳು ಬಾಯಿ ದಾಟುವಷ್ಟರಲ್ಲಿ ನೀರು ತಾನಾಗಿಯೇ ಹದಕ್ಕೆ ಬಂದಿತ್ತು. ಆಗ ಬಿತ್ತು ಬಾವಿನೀರು! ಮಧ್ಯಾಹ್ನದ ತನಕ ದೊರೆ ಒಮ್ಮೆ ಬೆಂದ, ಒಮ್ಮೆ ನಡುಗಿದ.

"ಆ ಬೋರನನ್ನು ರಾಜ್ಯದಿಂದಲೇ ಅಟ್ಟಿ!" ಅಂತ ಗುಡುಗಿದ. ಪಾಪ, ಗೋಡೆಯಾಚೆ ಬೋರಯ್ಯನ ಎದೆ ಒಡೆದೇ ಹೋಯಿತು. ಆದರೆ ಅಳೋದಕ್ಕೂ ಏಳನೆಯ ಅಧಿಕಾರಿ ಬರಬೇಕಲ್ಲ!

ವಿದೂಷಕ ಕೆಂಚಪ್ಪ ತೆಂಗಿನ ನಾರು ಹಿಡಿದು ಒಳಗೆ ಬಂದ. "ಮಹಾಸ್ವಾಮಿ, ಬೆನ್ನು ನಾನು ಉಜ್ಜುತ್ತೇನೆ. ಪದ್ಧತಿ ಮಾತ್ರ ಮೀರೋದಿಲ್ಲ."

ಉಜ್ಜಿದ. ಒಂದೇ ಜಾಗದಲ್ಲಿ ಉಜ್ಜಿದ, ಉಜ್ಜಿದ.

"ಹಾ! ಸಾಕು ಕಣೋ!"

ಕೆಂಚಪ್ಪ ನಿಲ್ಲಿಸಲಿಲ್ಲ.

"ಚರ್ಮ ಕಿತ್ತು ಬಂತಲ್ಲೋ! ಕಿವಿ ಕೇಳಿಸಲ್ವೇನೋ?"

"ಕೇಳಿಸ್ತು ಮಹಾಸ್ವಾಮಿ. ತಮ್ಮ 'ಸಾಕು' ಇನ್ನೂ ಮೂರನೆಯವರ ಹತ್ತಿರ ಇದೆ, ಅವರು ಬಗ್ಗುತ್ತಾ ಇದ್ದಾರೆ. ಸ್ವಲ್ಪ ತಡ್ಕೊಳ್ಳಿ. ಬೋರಯ್ಯನೂ ಹೀಗೇ ಕಾಯ್ತಾ ನಿಂತಿದ್ದ."

ದೊರೆಗೆ ಬೆನ್ನಿನ ಮೂಲಕ ಬುದ್ಧಿ ಬಂತು. "ಛೇ, ಅವನದೇನೂ ತಪ್ಪಿಲ್ಲ! ಹೋಗೋದು ಬೇಡ ಅಂತ ಹೇಳಿ!"

"ಹೇಳಿಸೋಣ. ಆದರೆ ಅಟ್ಟುವ ಅಪ್ಪಣೆ ಆಗಲೇ ಆರನೆಯವರ ಹತ್ತಿರ ಇದೆ. ಇದು ತಲುಪುವ ಹೊತ್ತಿಗೆ ಬೋರಯ್ಯ ಗಡಿ ದಾಟಿರ್ತಾನೆ."

ದೊರೆ ಒದ್ದೆ ಪಂಚೆಯಲ್ಲೇ ಎದ್ದ, ಅಧಿಕಾರಿಗಳನ್ನು ತಳ್ಳಿಕೊಂಡು ಓಡಿದ. "ಬೋರಾ, ಎಲ್ಲಿಗೂ ಹೋಗಬೇಡ ಕಣಪ್ಪ! ಇನ್ಮೇಲೆ ನಾನು ಕೂಗಿದ ತಕ್ಷಣ ಬಿಡು. ಒಂದೊಂದೇ ತಂಬಿಗೆ ಬಿಡು!"

ಬೋರಯ್ಯ ಆಗ, ಯಾರನ್ನೂ ಕೇಳದೆ, ಗೊಳೋ ಅಂತ ಅತ್ತ.

ದೊರೆ ಬೆನ್ನು ಸವರಿಕೊಳ್ಳುತ್ತಾ ನಕ್ಕ. "ಕೆಂಚಪ್ಪನಿಗೊಂದು ಚಿನ್ನದ ಕಡಗ ಕೊಡಿ!"

ಮೊದಲನೆಯ ಅಧಿಕಾರಿ ಬಗ್ಗತೊಡಗಿದ. ಕೆಂಚಪ್ಪ ಗಾಬರಿಯಿಂದ ಕೈ ಚಾಚಿದ.

"ತಾವೇ ತೊಡಿಸಿಬಿಡಿ ಮಹಾಸ್ವಾಮಿ! ಇವರ ದಾರೀಲಿ ಬಂದರೆ ಅದನ್ನ ನನ್ನ ಮೊಮ್ಮಗ ಹಾಕ್ಕೋಬೇಕಾಗುತ್ತೆ. ನನಗಿನ್ನೂ ಮದುವೆಯೇ ಆಗಿಲ್ಲ!"