ತೌಡವ್ವನ ದಿಬ್ಬ

ಹುಣಸಿಗುಂದಿ ಊರಿನ ಪಡುವಣ ಅಂಚಿನಲ್ಲಿ, ಹಳ್ಳಕ್ಕೆ ಇಳಿಯುವ ದಾರಿಯ ಎಡಕ್ಕೆ, ಆಳೆತ್ತರದ ಮಣ್ಣಿನ ದಿಬ್ಬವೊಂದಿದೆ. ಅದನ್ನು ತೌಡವ್ವನ ದಿಬ್ಬ ಎನ್ನುತ್ತಾರೆ. ಗುಡಿಯಿಲ್ಲ, ಹೆಸರು ಕೆತ್ತಿದ ಕಲ್ಲಿಲ್ಲ. ಮಳೆಗೆ ಮಣ್ಣು ಜರಿದಾಗ ಒಡೆದ ಗುಡಾಣಗಳ ಚೂರು ಮೇಲೆ ಬರುತ್ತವೆ. ಅವುಗಳ ಒಳಮೈಯಲ್ಲಿ ನೀಲಿ ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಇಲ್ಲಿ ನೂಲಿಗೆ ನೀಲಿ ಹಾಕುವವರ ಓಣಿಯಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮೊದಲ ಖಾನೇಸುಮಾರಿ, ಅಂದರೆ ಜನಗಣತಿ, ನಡೆದಾಗ ನೀಲಗಾರ ಎಂಬ ಅಡ್ಡಹೆಸರಿನ ಹನ್ನೊಂದು ಮನೆ ಈ ಊರಲ್ಲಿದ್ದವು. ಕುಲಕರ್ಣಿಯವರ ಅಟ್ಟದಲ್ಲಿ ಉಳಿದ ನಕಲು ಕಾಗದದಲ್ಲಿ ಗಂಡಸರ ಮುಂದೆ ‘ಕಸಬು: ನೀಲಿ ಹಾಕುವುದು’ ಎಂದಿದೆ. ಹೆಂಗಸರ ಮುಂದೆ ಏನೂ ಇಲ್ಲ. ನೀಲಿ ಗಿಡದ ಎಲೆ ಕೊಳೆಹಾಕಿ, ಕಡೆದು, ಮೊಣಕೈವರೆಗೆ ನೀಲಿಯಾದವರು ಅವರೇ. ಬರೆದುಕೊಳ್ಳುವವರ ಕಣ್ಣಿಗೆ ಅದು ಕಸಬಾಗಿ ಕಾಣಲಿಲ್ಲ. ಒಂಬತ್ತು ವರ್ಷದ ಮೇಲೆ ನಡೆದ ಮುಂದಿನ ಗಣತಿಯ ಕಾಗದಗಳಲ್ಲಿ ಅದೇ ಅಡ್ಡಹೆಸರು ದಿಕ್ಕಾಪಾಲಾಗಿದೆ. ಒಂದು ಊರಲ್ಲಿ ಕೂಲಿ, ಇನ್ನೊಂದರಲ್ಲಿ ರಸ್ತೆಗೆ ಕಲ್ಲು ಒಡೆಯುವುದು, ಮತ್ತೊಂದರಲ್ಲಿ ಭಿಕ್ಷೆ. ಹುಣಸಿಗುಂದಿಯಲ್ಲಿ ಒಂದೇ ಮನೆ, ಎರಡೇ ಹೆಸರು. ಎರಡನೆಯದು ತೌಡವ್ವ, ವಯಸ್ಸು ಹತ್ತು, ಕಸಬು ನೀಲಿ ಹಾಕುವುದು. ಅಡ್ಡಹೆಸರಿನ ಜಾಡು ಹಿಡಿದು ಬರುವವರು ಈ ಸಾಲಿನ ಮೇಲೆ ಬೆರಳಿಟ್ಟು, ಕುಲದ ಕಸಬನ್ನು ಕೊನೆಗೆ ಒಬ್ಬ ಹುಡುಗಿ ಉಳಿಸಿದಳೆಂದು ಹಿಗ್ಗಿ ಬರೆದುಕೊಂಡು ಹೋಗುತ್ತಾರೆ. ಊರಿನ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ ಆ ಓಣಿಯಲ್ಲಿ ಈರಬಸವ್ವ ಎಂಬ ನೀಲಗಾರರ ಸೊಸೆಯಿದ್ದಳು. ಹೆತ್ತ ನಾಲ್ಕು ಕೂಸುಗಳಲ್ಲಿ ಒಂದೂ ವರ್ಷ ತುಂಬಲಿಲ್ಲ. ಐದನೆಯದು ಹೆಣ್ಣಾಯಿತು. ಅತ್ತೆ ಆ ಕೂಸನ್ನು ಮೊರದಲ್ಲಿ ಮಲಗಿಸಿ ನೆರೆಮನೆಯ ಕುಂಬಾರರ ಮಲ್ಲವ್ವನಿಗೆ ಮಾರಿದಳು. ಬೆಲೆ ಒಂದು ಮೊರ ತೌಡು. ಕೂಸು ತಮ್ಮದಲ್ಲವೆಂದಾದರೆ ಈ ಮನೆಯ ಮೇಲೆ ಕಣ್ಣಿಟ್ಟ ಸಾವು ದಾರಿ ತಪ್ಪಿ ಹೋಗುತ್ತದೆಂಬ ನಂಬಿಕೆ. ಮಲಗುವುದು, ಹಾಲು ಕುಡಿಯುವುದು ಹೆತ್ತವಳ ಮಡಿಲಲ್ಲೇ. ಆದರೆ ‘ನನ್ನ ಮಗಳು’ ಎಂದು ಅವಳು ಬಾಯಿ ಬಿಟ್ಟು ಹೇಳುವಂತಿಲ್ಲ. ತೌಡಿಗೆ ಹೋದವಳಾದ್ದರಿಂದ ತೌಡವ್ವ ಎಂದೇ ಕರೆದರು. ಕೂಸಿಗೆ ವರ್ಷ ತುಂಬಿತು. ಈರಬಸವ್ವ ಇನ್ನಷ್ಟು ಬಾಯಿ ಬಿಗಿದಳು.

ಅದೇ ಹೊತ್ತಿಗೆ ಕುಲಕರ್ಣಿ ಸ್ವಾಮಿರಾಯರು ಖಾನೇಸುಮಾರಿಯ ಕಾಗದ ಹಿಡಿದು ಓಣಿಗೆ ಬಂದರು. ಗಂಡ, ಹೆಂಡತಿ, ಅತ್ತೆ, ಮೂವರನ್ನೂ ಬರೆದು ತೊಟ್ಟಿಲ ಕಡೆ ನೋಡಿದರು.

“ಈ ಕೂಸು ಯಾರದವಾ?”

“ಮಲ್ಲವ್ವಂದರೀ. ತೌಡಿಗೆ ಕೊಟ್ಟೇವಿ” ಎಂದಳು ಈರಬಸವ್ವ.

ಮಲ್ಲವ್ವ ತನ್ನ ಕಟ್ಟೆಯ ಮೇಲೆ ಕುಳಿತು ಗಡಿಗೆ ತಟ್ಟುತ್ತಿದ್ದಳು. “ನನ್ನ ಲೆಕ್ಕಕ್ಕ ಹಚ್ಚಬ್ಯಾಡ್ರಿ ರಾಯರ. ಒಂದು ದಿನಾನೂ ನನ್ನ ಮನ್ಯಾಗ ಮಲಗಿಲ್ಲ ಅದು. ಬರಕೊಂಡಿರಂದ್ರ ನಾಳೆ ಲಗ್ನಾನೂ ನಾನs ಮಾಡಬೇಕಾಕ್ಕೈತಿ.”

“ಹಂಗಾದ್ರ ಮುಗಲಿಂದ ಬಿದ್ದೈತೇನು?”

“ಹಂಗs ತಿಳಕೋರಿ” ಎಂದಳು ಮಲ್ಲವ್ವ. ಓಣಿಯೆಲ್ಲ ನಕ್ಕಿತು, ಈರಬಸವ್ವನೂ ನಕ್ಕಳು. ರಾಯರು ಮೂವರಿಗೇ ಗೆರೆ ಎಳೆದು ಮುಂದಿನ ಮನೆಗೆ ನಡೆದರು.

ನಾಲ್ಕು ವರ್ಷದ ಮೇಲೆ ಧಾತು ಸಂವತ್ಸರದ ಬರ ಬಂತು. ಹೊಟ್ಟೆಗಿಲ್ಲದ ಜನ ನೂಲಿಗೆ ಬಣ್ಣ ಹಾಕಿಸುತ್ತಾರೆಯೇ? ಗುಡಾಣಗಳು ಒಣಗಿದವು. ಅತ್ತೆ ತೀರಿಕೊಂಡಳು. ಗಂಡ ಕಲ್ಲು ಒಡೆಯಲು ಹೋದವನು ತಿರುಗಿ ಬರಲಿಲ್ಲ. ಕುಂಬಾರರೂ ಊರು ಬಿಟ್ಟರು. ಸರಕಾರ ಚಾವಡಿಯ ಮುಂದೆ ಅಂಬಲಿ ಹಾಕತೊಡಗಿದಾಗ ಹತ್ತೂರ ಜನ ಮುಗಿಬಿದ್ದರು. ಹಾಗಾಗಿ ಖಾನೇಸುಮಾರಿಯಲ್ಲಿ ಹೆಸರಿದ್ದವರಿಗೆ, ಮುಂದೆ ಅವರಿಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಚೀಟಿ ಎಂದು ಮೇಲಿನಿಂದ ಹುಕುಂ ಆಯಿತು. ಅಂಬಲಿಯನ್ನು ಅಲ್ಲೇ ಕುಳಿತು ಕುಡಿಯಬೇಕು, ಮನೆಗೆ ಒಯ್ಯುವಂತಿಲ್ಲ. ತೌಡವ್ವನಿಗೆ ಚೀಟಿ ಇರಲಿಲ್ಲ.

ಸ್ವಾಮಿರಾಯರು ಕೆಟ್ಟವರಾಗಿರಲಿಲ್ಲ. “ನಿನ್ನ ಮಗಳಂತ ಒಂದು ಮಾತು ಹೇಳು ಈರಬಸವ್ವ, ಈಗಿಂದೀಗ ಬರಕೋತೀನಿ” ಎಂದರು.

ಅವಳ ಸುತ್ತ ಸಾಲುಸಾಲಾಗಿ ಜನ ಸಾಯುತ್ತಿದ್ದರು. ಸಾವು ಊರೊಳಗೇ ತಿರುಗಾಡುತ್ತಿರುವಾಗ, ಚಾವಡಿಯಲ್ಲಿ ನಿಂತು, ಎಲ್ಲರ ಕಿವಿಗೆ ಬೀಳುವಂತೆ ಆ ಮಾತನ್ನು ಹೇಗೆ ಆಡುವುದು? ನಾಲ್ವರನ್ನು ತನ್ನವರೆಂದಿದ್ದಳು, ನಾಲ್ವರನ್ನೂ ಮಣ್ಣಿಗೆ ಕೊಟ್ಟಿದ್ದಳು. ಐದು ವರ್ಷ ಈ ಒಂದು ಜೀವ ಉಳಿದದ್ದು ಅವಳು ಬಾಯಿ ಮುಚ್ಚಿದ್ದರಿಂದಲೇ. “ಅದು ನಂದಲ್ಲರೀ” ಎಂದಳು. ತನ್ನ ಪಾಲಿನ ಅಂಬಲಿಯಲ್ಲಿ ಸೆರಗಿನ ತುದಿ ಅದ್ದಿ, ಮುದುಡಿ ಹಿಡಿದು ಮನೆಗೆ ಓಡಿ, ಮಗಳ ಬಾಯಿಗೆ ಹಿಂಡಿದಳು. ಮನೆಯಲ್ಲೇ ಬಣ್ಣ ಹಾಕಿದ ಸೀರೆ. ಹುಡುಗಿಯ ತುಟಿ ನೀಲಿಯಾಯಿತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ರಾಯರು ಎದ್ದು ಬಂದು ಅವಳ ಎದುರು ನಿಂತರು. “ಹಟ ಮಾಡಬ್ಯಾಡವಾ. ಕಾಗದಕ್ಕ ಕಣ್ಣಿಲ್ಲ, ನಾ ಏನು ಮಾಡಲಿ?” ಈರಬಸವ್ವ ಒದ್ದೆ ಸೆರಗು ಮುದುಡಿಕೊಂಡು ಮನೆಗೆ ಓಡಿದಳು.

ನಾಲ್ಕನೆಯ ದಿನ ಹುಡುಗಿಗೆ ಸೆರಗು ಚೀಪುವ ಶಕ್ತಿಯೂ ಉಳಿದಿರಲಿಲ್ಲ. ಈರಬಸವ್ವ ಅವಳನ್ನು ಹೆಗಲಿಗೆ ಹಾಕಿಕೊಂಡು ಚಾವಡಿಗೆ ಹೋಗಿ, “ನಂದರೀ. ನನ್ನ ಮಗಳು. ಬರಕೋರಿ” ಎಂದಳು. ಮಾತು ಸಣ್ಣಗೆ ಬಂತು. ರಾಯರಿಗೆ ಕೇಳಿಸಿತ್ತು, ಆದರೂ ಅವಳು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ರಾಯರು ಚೀಟಿ ಬರೆದರು. ತೌಡವ್ವ ಒಂದು ಬಟ್ಟಲು ಅಂಬಲಿ ಪೂರ್ತಿ ಕುಡಿದಳು. ಸಂಜೆಯೊಳಗೆ ಸತ್ತಳು. ಓಣಿಯವರು ಅವಳನ್ನು ಒಡೆದ ಗುಡಾಣಗಳ ರಾಶಿಯ ಮಗ್ಗುಲಲ್ಲಿ ಹೂಳಿ, ಅದೇ ರಾಶಿಯನ್ನು ಮೇಲೆ ಎಳೆದು, ಒಬ್ಬೊಬ್ಬರಾಗಿ ಊರು ಬಿಟ್ಟರು. ತಾನು ಮೂರು ದಿನ ಸುಮ್ಮನಿದ್ದದ್ದು ಮಗಳನ್ನು ಕೊಂದಿತೋ, ನಾಲ್ಕನೆಯ ದಿನ ಬಾಯಿಬಿಟ್ಟದ್ದು ಕೊಂದಿತೋ, ಈರಬಸವ್ವನಿಗೆ ತಿಳಿಯಲಿಲ್ಲ. ತಿಳಿದವರಂತೆ ಮಾತಾಡುವವರು ಊರಲ್ಲಿ ಬೇಕಾದಷ್ಟಿದ್ದರು.

ಮುಂದಿನ ಖಾನೇಸುಮಾರಿಗೆ ಬೇರೆ ಊರಿನ ಹೊಸ ಕಾರಕೂನ ಬಂದ. ಸ್ವಾಮಿರಾಯರು ಅವನ ಜೊತೆಗಿದ್ದರು. ಈರಬಸವ್ವ ತನ್ನ ಹೆಸರು ಹೇಳಿ, “ತೌಡವ್ವ, ನನ್ನ ಮಗಳು, ಹತ್ತು ತುಂಬ್ಯಾವ” ಎಂದಳು. ಕಸಬು ಕೇಳಿದ್ದಕ್ಕೆ, “ನೀಲಿ ಹಾಕತಾಳ್ರಿ” ಎಂದಳು. ಕಾರಕೂನ ರಾಯರ ಮುಖ ನೋಡಿದ. “ಬರಕೋ” ಎಂದರು ರಾಯರು. ಇದ್ದಾಗ ಇಲ್ಲದವಳು ಹೀಗೆ ಇಲ್ಲದಾಗ ಕಾಗದದಲ್ಲಿ ಹುಟ್ಟಿದಳು. ಹತ್ತು ವರ್ಷದ ಮೇಲೆ ಮತ್ತೆ ಬರೆಯಲು ಬಂದವರಿಗೆ ಆ ಮನೆಯ ಬಾಗಿಲು ತೆಗೆಯಲು ಯಾರೂ ಇರಲಿಲ್ಲ. ಆ ಕಾಗದದಲ್ಲಿ ನೀಲಗಾರ ಎಂಬ ಹೆಸರೇ ಇಲ್ಲ.

ಈಗಲೂ ಹಳ್ಳದ ದಾರಿಯಲ್ಲಿ ನಿಂತರೆ, ಬಟ್ಟೆ ಒಗೆಯಲು ಬರುವ ಎಳೆಗೂಸಿನ ತಾಯಂದಿರು ದಿಬ್ಬದ ಎದುರಿಗೆ ಬಂದಾಗ ಒಂದು ಗಳಿಗೆ ನಿಲ್ಲುವುದು ಕಾಣುತ್ತದೆ. ಕೆಲವರು ಕಂಕುಳಲ್ಲಿದ್ದ ಕೂಸನ್ನು ಮೇಲೆತ್ತಿ, “ಇದು ನಂದು” ಎಂದು ಗಟ್ಟಿಯಾಗಿ ಹೇಳುತ್ತಾರೆ. ಕೆಲವರು ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ತುಟಿ ಪಿಟಕ್ಕೆನ್ನದೆ ದಾಟುತ್ತಾರೆ. ಯಾವುದು ಸರಿಯೆಂದು ಅವರು ಒಬ್ಬರನ್ನೊಬ್ಬರು ಕೇಳುವುದಿಲ್ಲ.