ಎರಡೂ ಕಡೆಯ ಗುರುತು

ನದಿ ದಂಡೆಯ ಹಂದಿ ತಳಿ ಕೇಂದ್ರದಲ್ಲಿ ಪೊನ್ನವ್ವ ಗುರು, ಲವೀನಾ ಶಿಷ್ಯೆ.

ಯಾವ ಮರಿಯ ರಕ್ತದಲ್ಲಿ ಯಾವ ವಂಶವಾಹಿ ಗುರುತಿದೆ, ಅದು ಮುಂದೆ ಎಷ್ಟು ಮಾಂಸ ಕೊಟ್ಟೀತು ಎಂದು ಹೇಳುವ ವಿದ್ಯೆಯನ್ನು ಲವೀನಾ ಅಲ್ಲಿ ಕಲಿಯುತ್ತಿದ್ದಳು.

ಮಂಡಿಯ ಆಪರೇಷನ್ನಿಗೆಂದು ಪೊನ್ನವ್ವ ಊರು ಬಿಟ್ಟಿದ್ದರು. ಆ ತಿಂಗಳುಗಳಲ್ಲಿ ಲವೀನಾಳ ಕಣ್ಣು ಒಂದು ಗುರುತಿನ ಮೇಲೆ ಬಿತ್ತು. ಅದಿದ್ದ ಹಂದಿಯ ತೊಡೆ ತುಂಬಿಕೊಳ್ಳುತ್ತಿತ್ತು, ಕೊಬ್ಬು ತೆಳುವಾಗುತ್ತಿತ್ತು. ಅಪ್ಪನಿಂದಲೂ ಅಮ್ಮನಿಂದಲೂ ಅದೇ ಗುರುತು ಬಂದರೆ?

ಅಂಥ ಮೂರು ಗಂಡು ಮರಿಗಳನ್ನು ಆರಿಸಿ ತಳಿಗೆಂದು ಬೆಳೆಸಿದಳು. ಯಾರನ್ನೂ ಕೇಳಲಿಲ್ಲ.

ಆರು ತಿಂಗಳಲ್ಲಿ ಮೂರೂ ಕಲ್ಲಿನಂತೆ ಮೈಕಟ್ಟಿದವು.

ತೂಕದ ದಿನ ತಗಡಿನ ಬಾಗಿಲು ಅವಳ ಕೈಜಾರಿ ದಢಾರನೆ ಬಿತ್ತು. ಮುಂದಿದ್ದ ಹಂದಿಯ ಬಾಲ ನಡುಗಿತು. ಮೈಮೇಲೆ ಕೆಂಪು ಮಚ್ಚೆಗಳೆದ್ದವು. ಕಾಲುಗಳು ಸೆಟೆದುಕೊಂಡವು. ಮುಟ್ಟಿದರೆ ಚರ್ಮ ಕೆಂಡದಂತೆ ಸುಡುತ್ತಿತ್ತು. ಅವಳು ನೀರು ತರುವಷ್ಟರಲ್ಲಿ ಉಸಿರು ನಿಂತಿತ್ತು.

ಅಂದಿನಿಂದ ಲವೀನಾಳಿಗೆ ತನ್ನ ಕೆಮ್ಮು ಎಂದರೂ ಭಯ. ಬಕೆಟ್ಟಿನ ಹಿಡಿ ಕಿರುಗುಟ್ಟಿದರೆ ಅದನ್ನು ಅಲ್ಲೇ ಕೆಳಗಿಡುತ್ತಿದ್ದಳು. ಉಳಿದೆರಡು ತಲೆ ಎತ್ತಿ ನೋಡಿದರೆ ಸಾಕು, ನಿಂತಲ್ಲೇ ಮರಗಟ್ಟುತ್ತಿದ್ದಳು.

ಪೊನ್ನವ್ವ ಕೋಲೂರಿಕೊಂಡು ವಾಪಸಾದ ಬೆಳಿಗ್ಗೆಯೇ ಪಕ್ಕದೂರಿನಲ್ಲಿ ಹಂದಿ ಸಾಕುವ ಮುತ್ತಕ್ಕ ಪಿಕಪ್ ತಂದಳು. ಆ ಎರಡು ಹಂದಿಗಳನ್ನು ತಳಿಗೆಂದು ತನ್ನ ದೊಡ್ಡಿಗೆ ಒಯ್ಯಲು ಬಂದಿದ್ದಳು.

ಲವೀನಾ ಗುರುವನ್ನು ಪಕ್ಕಕ್ಕೆ ಕರೆದು, ನಡೆದದ್ದನ್ನು ಪಿಸುಮಾತಿನಲ್ಲಿ ಒಪ್ಪಿಸಿದಳು.

"ಮುತ್ತಕ್ಕನಿಗೆ ಗೊತ್ತಾ?"

"ಇಲ್ಲ ಮೇಡಂ. ಸತ್ತಿದ್ದು ಒಂದೇ ಅಲ್ವಾ? ಬಿಸಿಲಿಗೂ ಇರಬಹುದು."

"ಹಾಗಾದ್ರೆ ಗಾಡಿ ಹತ್ತಿಸು."

ಲವೀನಾ ದೊಡ್ಡಿಯ ಬಾಗಿಲಿಗೆ ಹೋದಳು. ಚಿಲಕದ ಮೇಲೆ ಕೈ ಇಟ್ಟಳು. ಕೈ ಅಲ್ಲೇ ಅಂಟಿಕೊಂಡಂತಾಯಿತು.

"ಆಗಲ್ಲ ಮೇಡಂ. ಸತ್ತುಹೋಗ್ತಾವೆ."

"ನನಗ್ಯಾಕೆ ಹೇಳ್ತೀಯ?"

ಲವೀನಾ ನಿಧಾನವಾಗಿ ಮುತ್ತಕ್ಕನ ಕಡೆ ತಿರುಗಿದಳು.

"ನೋಡೋಕೆ ಪೈಲ್ವಾನರ ಹಾಗಿವೆ, ಅಕ್ಕಾ. ಆದರೆ ಅಪ್ಪ-ಅಮ್ಮ ಎರಡೂ ಕಡೆಯಿಂದ ಬಂದ ಒಂದು ಗುರುತಿನಿಂದ, ಹೆದರಿದರೆ ಸಾಯ್ತಾವೆ. ಇವುಗಳ ಮರಿಗಳಿಗೂ ಆ ಗುರುತು ಹೋಗುತ್ತೆ. ಹಾಗೆ ಮಾಡಿದ್ದು ನಾನೇ."

ಮುತ್ತಕ್ಕ ಗೋಡೆಯಾಚೆ ಇಣುಕಿ ಬಹಳ ಹೊತ್ತು ನೋಡಿದಳು.

"ನಮ್ಮ ದೊಡ್ಡಿ ರಸ್ತೆ ಪಕ್ಕದಲ್ಲೇ ಇದೆ," ಎಂದಳು. "ದಿನವಿಡೀ ಲಾರಿ."

ಅವಳು ಬೈಯಲಿಲ್ಲ. ಪಿಕಪ್ ಸ್ಟಾರ್ಟ್ ಮಾಡಹೊರಟ ಡ್ರೈವರನಿಗೆ ಬೇಡವೆಂದು ಕೈ ಅಡ್ಡ ಹಿಡಿದಳು. ಅವಳೂ ಡ್ರೈವರನೂ ಸೇರಿ ಖಾಲಿ ಗಾಡಿಯನ್ನು ಸದ್ದಾಗದಂತೆ ಇಳಿಜಾರಿನ ತನಕ ತಳ್ಳಿಕೊಂಡೇ ಹೋದರು.

ಪೊನ್ನವ್ವ ಕಟ್ಟೆಯ ಮೇಲೆ ಕೂತು ಗಂಬೂಟು ಕಳಚಿದರು. ನೋಯುವ ಮಂಡಿ ಹಿಡಿದುಕೊಂಡು, ಬರಿಗಾಲಲ್ಲಿ ಸಿಮೆಂಟು ನೆಲದ ಮೇಲೆ ಸದ್ದಿಲ್ಲದೆ ಒಳಗೆ ನಡೆದರು. ಹಂದಿಗಳು ಬೆಚ್ಚಲಿಲ್ಲ. ಒಂದರ ಕಿವಿಯ ಹಿಂದೆ ಅವರು ಮೆಲ್ಲಗೆ ತುರಿಸಿದರು.

ಲವೀನಾಳೂ ಬೂಟು ಬಿಚ್ಚಿ ಹಿಂದೆ ಬಂದಳು.

"ಎಷ್ಟು ದಿನ ಹೀಗೆ ನಡೀಬೇಕು, ಮೇಡಂ?"

"ಇವೆರಡೂ ಬದುಕಿರೋ ತನಕ," ಎಂದರು ಪೊನ್ನವ್ವ. "ಆಮೇಲೆ ಬೂಟು ಹಾಕ್ಕೊಂಡೂ ಹೀಗೇ ನಡಿ."